ಉತ್ತರ ಪತ್ರಿಕೆ ಮನೆಗೆ ಬಂದ ಸಂಜೆ ಏನು ಮಾಡಬೇಕು

ಸುಳ್ಳು ಹೇಳಬಾರದು, ಸೋತರೆ ಕುಗ್ಗಬಾರದು ಎಂದು ಮಕ್ಕಳಿಗೆ ಎಷ್ಟು ಹೇಳಿದರೂ, ಅವರು ಕಲಿಯುವುದು ಶಾಲೆಯ ಎಫ್‌ಎ (ಕಿರುಪರೀಕ್ಷೆ), ಎಸ್‌ಎ (ದೊಡ್ಡ ಪರೀಕ್ಷೆ) ಪತ್ರಿಕೆ ಮನೆಗೆ ಬಂದಾಗ ಅಪ್ಪ ಅಮ್ಮ ನಡೆದುಕೊಳ್ಳುವ ರೀತಿಯಿಂದ. ಮೂರನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಮುಂದೆ ಹೇಳುವ ಕ್ರಮ ಹೊಂದುತ್ತದೆ.

ಬಾಗಿಲಲ್ಲೇ "ಎಷ್ಟು ಬಂತು?" ಎನ್ನಬೇಡಿ. ಕೈಕಾಲು ತೊಳೆದು ತಿಂಡಿ ತಿನ್ನಲಿ. ಆಮೇಲೆ ಜೊತೆಗೆ ಕೂತು, ಒಟ್ಟು ಅಂಕ ಬರೆದಿರುವ ಮೊದಲ ಪುಟ ಮಡಚಿಟ್ಟು ಎರಡನೇ ಪುಟದಿಂದ ನೋಡಿ. ಕಳೆದುಹೋದ ಪ್ರತಿ ಅಂಕದ ಪಕ್ಕ ಮಗುವೇ ಪೆನ್ಸಿಲಿನಲ್ಲಿ ಒಂದು ಅಕ್ಷರ ಬರೆಯಲಿ: ಗೊತ್ತಿರಲಿಲ್ಲ ಎನ್ನುವುದಕ್ಕೆ "ಗೊ", ಆತುರಕ್ಕೆ "ಆ", ಸಮಯ ಸಾಲಲಿಲ್ಲ ಎನ್ನುವುದಕ್ಕೆ "ಸ". ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಎಳೆದರೆ ವಿಚಾರಣೆಯಾಗುತ್ತದೆ.

ಗಣಿತದಲ್ಲಿ 40ಕ್ಕೆ 27 ಬಂದಿದೆ ಎಂದುಕೊಳ್ಳಿ. ಹೋದ 13ರಲ್ಲಿ 6 "ಆ", 4 "ಗೊ", 3 "ಸ" ಆಗಿದ್ದರೆ ಮೂರಕ್ಕೂ ಮದ್ದು ಬೇರೆ. ಮೈನಸ್ ಚಿಹ್ನೆ ಬಿಟ್ಟದ್ದು, ಪ್ರಶ್ನೆಯ ಸಂಖ್ಯೆ ತಪ್ಪಾಗಿ ಇಳಿಸಿಕೊಂಡದ್ದು, ಸೆಂ.ಮೀ. ಬರೆಯದೇ ಹೋದದ್ದು ಆತುರದ ತಪ್ಪುಗಳು. ಕೊನೆಯ ಐದು ನಿಮಿಷ ಇವಿಷ್ಟನ್ನೇ ಹುಡುಕುವ ಅಭ್ಯಾಸ ಮಾಡಿಸಿ. "ಗೊ" ಸಾಮಾನ್ಯವಾಗಿ ಒಂದೆರಡು ಪಾಠಗಳಲ್ಲೇ ಗುಂಪಾಗಿರುತ್ತದೆ, ಅಷ್ಟನ್ನು ಮತ್ತೆ ಹೇಳಿಸಿಕೊಂಡರಾಯಿತು. "ಸ" ಇದ್ದರೆ ಮನೆಯಲ್ಲಿ ಗಡಿಯಾರ ಇಟ್ಟು ಬರೆಸಿ.

ಇಲ್ಲಿ ಎಡವುವುದು ಹೆಚ್ಚಾಗಿ ದೊಡ್ಡವರೇ. "ಇವನಿಗೆ ಎಲ್ಲಾ ಗೊತ್ತು, ಆತುರ ಅಷ್ಟೇ" ಎಂದುಕೊಂಡರೆ ಮನಸ್ಸಿಗೆ ಹಿತ, ಹಾಗಾಗಿ ಎಲ್ಲವೂ "ಆ" ಆಗಿಬಿಡುತ್ತದೆ. ಪರೀಕ್ಷಿಸುವುದು ಸುಲಭ: ಮಾರನೇ ಸಂಜೆ ಅದೇ ಲೆಕ್ಕವನ್ನು ಪುಸ್ತಕ ನೋಡದೆ ಮಾಡಲಾಗದಿದ್ದರೆ ಅದು "ಗೊ".

ಈಗ ಮೊದಲ ಪುಟ ಬಿಡಿಸಿ, ಅಂಕಗಳನ್ನು ಮಗುವಿನಿಂದಲೇ ಕೂಡಿಸಿ. ಪತ್ರಿಕೆಯಲ್ಲಿ ಬರೆದಿರುವ ಮೊತ್ತ ಕಡಿಮೆ ಬಂದಿದ್ದರೆ ಎಲ್ಲರೂ ಶಾಲೆಗೆ ಓಡುತ್ತಾರೆ. ಹೆಚ್ಚು ಬಂದಿದ್ದಾಗ "ಹೋಗ್ಲಿ ಬಿಡು, ಎರಡು ಮಾರ್ಕ್ಸ್ ತಾನೆ" ಎಂದಿರೋ, ಪ್ರಾಮಾಣಿಕತೆಯ ಪಾಠ ಅಲ್ಲಿಗೆ ಮುಗಿಯಿತು. "ಮಿಸ್, ಕೂಡಿದ್ದರಲ್ಲಿ ಎರಡು ಮಾರ್ಕ್ಸ್ ಜಾಸ್ತಿ ಆಗಿದೆ, ನೋಡ್ತೀರಾ?" ಎಂಬ ಮಾತನ್ನು ಮನೆಯಲ್ಲೇ ಒಮ್ಮೆ ಹೇಳಿಸಿ ಕಳಿಸಿ. ಆ ಅಂಕ ಹೋಗುತ್ತದೆ, ಹೋಗಲಿ. ಅದಕ್ಕೆ ಬದಲಾಗಿ ಚಾಕೊಲೇಟ್ ಕೊಡಿಸಬೇಡಿ.

ಹೊಗಳಿಕೆಯಲ್ಲೂ ಲೆಕ್ಕವಿದೆ. 1998ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಅಧ್ಯಯನದಲ್ಲಿ ಐದನೇ ತರಗತಿಯ ಮಕ್ಕಳಿಗೆ ಒಗಟಿನಂಥ ಲೆಕ್ಕಗಳನ್ನು ಕೊಟ್ಟು, ಕೆಲವರನ್ನು ಬುದ್ಧಿವಂತರೆಂದೂ ಕೆಲವರನ್ನು ಚೆನ್ನಾಗಿ ಶ್ರಮಪಟ್ಟಿರೆಂದೂ ಹೊಗಳಿದರು. ನಂತರದ ಕಷ್ಟದ ಲೆಕ್ಕಗಳಲ್ಲಿ ಎಡವಿದ ಮೇಲೆ, ಬಂದ ಅಂಕವನ್ನು ಹೆಚ್ಚಿಸಿ ಸುಳ್ಳು ಬರೆದವರು ಮೊದಲ ಗುಂಪಿನಲ್ಲೇ ಹೆಚ್ಚು. ಬುದ್ಧಿವಂತ ಎಂಬ ಪಟ್ಟ ಸಿಕ್ಕಮೇಲೆ ಅದನ್ನು ಉಳಿಸಿಕೊಳ್ಳುವ ಚಿಂತೆ ಹತ್ತುತ್ತದೆ. ಊಟ ಮಾಡಿಸುವಾಗ "ಜಾಣಮರಿ" ಎನ್ನಲು ಅಡ್ಡಿಯಿಲ್ಲ, ಅಂಕಕ್ಕೆ ಮಾತ್ರ ಅದನ್ನು ಗಂಟು ಹಾಕಬೇಡಿ. "ಮೂರನೇ ಲೆಕ್ಕ ತಪ್ಪಿದ್ದು ಗೊತ್ತಾಗಿ, ಹೊಡೆದುಹಾಕಿ ಮತ್ತೆ ಮಾಡಿದ್ದೀಯಲ್ಲ, ಅದು ಚೆನ್ನಾಗಿದೆ" ಎಂದು ಕಂಡದ್ದನ್ನು ಹೇಳಿ. ಓದದೇ ಇದ್ದವನಿಗೆ "ಕಷ್ಟಪಟ್ಟೆ ಕಂದಾ" ಎಂದರೆ ಅವನಿಗೇ ನಗು ಬರುತ್ತದೆ.

ಶೇ. 90 ಬಂದರೆ ಸೈಕಲ್ ಎಂಬ ಕರಾರು ಬೇಡ. 88 ಬಂದ ದಿನ ಮನೆಯಲ್ಲಿ ರಗಳೆ, 90 ಬಂದರೆ ಮುಂದಿನ ವರ್ಷಕ್ಕೆ ಮೊಬೈಲ್. ಸೈಕಲ್ ಬೇಕಿದ್ದರೆ ಶಾಲೆ ದೂರ ಎಂದು ಕೊಡಿಸಿ. ಪಾಯಸ ಮಾಡುವುದಾದರೆ ಪರೀಕ್ಷೆ ಮುಗಿದ ದಿನವೇ ಮಾಡಿ, ಫಲಿತಾಂಶಕ್ಕೆ ಕಾಯಬೇಡಿ. ನೆಂಟರು ಫೋನಿನಲ್ಲಿ ಅಂಕ ಕೇಳಿದರೆ "ಅವಳನ್ನೇ ಕೇಳಿ, ಇಷ್ಟವಿದ್ದರೆ ಹೇಳ್ತಾಳೆ" ಎಂದರೆ ಸಾಕು.

ಪತ್ರಿಕೆ ಬಚ್ಚಿಟ್ಟರೆ, ನಿಮ್ಮ ಸಹಿ ತಾವೇ ಹಾಕಿದರೆ? ಅಂಕ ಒಂದು ವಿಷಯ, ಮುಚ್ಚಿಟ್ಟದ್ದು ಇನ್ನೊಂದು. ಎರಡನ್ನೂ ಒಟ್ಟಿಗೆ ಬೈದರೆ ಯಾವುದಕ್ಕೆ ಬೈಗುಳ ಎಂದೇ ತಿಳಿಯುವುದಿಲ್ಲ. ಮೊದಲು ಪತ್ರಿಕೆ ನೋಡಿ ಸಹಿ ಹಾಕಿ. ಬಳಿಕ ಯಾವುದಕ್ಕೆ ಹೆದರಿದೆ ಎಂದು ಕೇಳಿ, ಉತ್ತರ ಪೂರ್ತಿ ಬರುವವರೆಗೆ ಬಾಯಿ ಹಾಕಬೇಡಿ. ಖೋಟಾ ಸಹಿಯ ವಿಷಯವನ್ನು ಮೇಷ್ಟ್ರಿಗೆ ಮಗುವೇ ಹೇಳಬೇಕು, ನೀವು ಪಕ್ಕದಲ್ಲಿ ನಿಂತಿರಿ. ಹೊಡೆದರೆ ಮುಂದಿನ ಸಲ ಇನ್ನೂ ಚೆನ್ನಾಗಿ ಬಚ್ಚಿಡುವುದನ್ನು ಕಲಿಯುತ್ತಾರೆ, ಅಷ್ಟೇ.

ಎಸ್‌ಎಸ್‌ಎಲ್‌ಸಿ ವರ್ಷ ಭಯ ದೊಡ್ಡದು. ಕರ್ನಾಟಕದಲ್ಲಿ 2024ರಿಂದ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ಮರುಮೌಲ್ಯಮಾಪನಕ್ಕೆ ಹಾಕಬಹುದು. ಇದನ್ನೆಲ್ಲ ಫಲಿತಾಂಶದ ದಿನ ಸಮಾಧಾನಕ್ಕೆಂದು ಹೇಳಿದರೆ ಕಿವಿಗೆ ಬೀಳುವುದಿಲ್ಲ, ಜೂನ್‌ನಲ್ಲೇ ಹೇಳಿಡಿ. ಆ ದಿನ ಒಬ್ಬರು ಮನೆಯಲ್ಲೇ ಇರಿ. ಮಗು ಊಟ, ನಿದ್ದೆ ಬಿಟ್ಟು ಮಂಕಾಗಿದ್ದರೆ, ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ; ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.