ಟ್ಯಾಂಕಿನಲ್ಲಿ ಗಿಣ್ಣಾಗಿ ಕೂತ ಲ್ಯಾಕ್ಟೇಟ್

ಚಿಕ್ಕಬಳ್ಳಾಪುರದಲ್ಲಿ ನಮ್ಮದೊಂದು ಸಣ್ಣ ಘಟಕ. ಮುಸುಕಿನ ಜೋಳದ ಪಿಷ್ಟವನ್ನು ಸಕ್ಕರೆ ಮಾಡಿ, ಹುದುಗಿಸಿ, ಲ್ಯಾಕ್ಟಿಕ್ ಆಸಿಡ್ (ಮೊಸರಿನಲ್ಲಿರುವ ಹುಳಿ) ತೆಗೆಯುವ ಪ್ರಯೋಗ. ಹುದುಗಿಸುವುದು ಸುಲಭ. ಬೇರ್ಪಡಿಸುವಾಗಲೇ ಸಾಕುಸಾಕಾಗುತ್ತದೆ.

ಹುಳಿ ಜಾಸ್ತಿಯಾದರೆ ಬ್ಯಾಕ್ಟೀರಿಯಾ ಸುಸ್ತಾಗುತ್ತವೆ. ಅದಕ್ಕೇ ಸುಣ್ಣ ಹಾಕುತ್ತಾ ಹೋಗುತ್ತೇವೆ, ಆಸಿಡ್ ಕ್ಯಾಲ್ಸಿಯಂ ಲ್ಯಾಕ್ಟೇಟ್ ಎಂಬ ಲವಣ ಆಗುತ್ತದೆ. ಡಿಸೆಂಬರಿನ ಒಂದು ರಾತ್ರಿ, ನಾಳೆ ಸೋಸಿದರಾಯ್ತು ಅಂತ ಹಾಗೇ ಬಿಟ್ಟು ಹೋದೆ. ಬೆಳಿಗ್ಗೆ ಮೈ ಕೊರೆಯುವ ಚಳಿ. ಮುಚ್ಚಳ ತೆಗೆದರೆ 50 ಲೀಟರೂ ಗಿಣ್ಣಿನ ಹಾಗೆ ಗಟ್ಟಿ! ಸೌಟು ನೆಟ್ಟರೆ ನೆಟ್ಟಗೆ ನಿಂತಿತು.

ಕೆಟ್ಟೇ ಹೋಯಿತು ಅಂದುಕೊಂಡೆ. ಸುಮ್ನೆ ಒಂದು ಚಮಚ ತೆಗೆದು ಬಿಸಿನೀರಿಗೆ ಹಾಕಿದೆ. ಕರಗಿತು. ಲ್ಯಾಕ್ಟೇಟ್ ತಣ್ಣಗಾದರೆ ಹರಳುಗಟ್ಟುತ್ತದೆ, ಬಿಸಿಯಲ್ಲಿ ಚೆನ್ನಾಗಿ ಕರಗುತ್ತದೆ, ಅಷ್ಟೇ ವಿಷಯ. ಈಗ ಹುದುಗು ಮುಗಿದ ಕೂಡಲೇ 80 ಡಿಗ್ರಿಗೆ ಕಾಯಿಸಿ, ಬಿಸಿಯಿದ್ದಾಗಲೇ ಸೋಸುತ್ತೇನೆ. ಬ್ಯಾಕ್ಟೀರಿಯಾ ಕೂಡ ಸಾಯುತ್ತವೆ.

ಇನ್ನೊಂದು ತಪ್ಪೂ ಸಿಕ್ಕಿತು. ಸೋಸಿದ ಲ್ಯಾಕ್ಟೇಟ್‌ನಿಂದ ಆಸಿಡ್ ಮತ್ತೆ ಬಿಡಿಸಲು ಗಂಧಕಾಮ್ಲ ಹಾಕಿದರೆ ಕ್ಯಾಲ್ಸಿಯಂ ಜಿಪ್ಸಂ ಆಗಿ ಕೆಳಗಿಳಿದು, ಲ್ಯಾಕ್ಟಿಕ್ ಆಸಿಡ್ ನೀರಿನಲ್ಲಿ ಉಳಿಯುತ್ತದೆ. ನಾನು ಅವಸರಕ್ಕೆ ಬಿದ್ದು ಬೇಗಬೇಗ ಸುರಿಯುತ್ತಿದ್ದೆ. ಹಿಟ್ಟಿನಂಥ ಜಿಪ್ಸಂ ಬಂದು ಸೋಸುವ ಬಟ್ಟೆಯೆಲ್ಲ ಕಟ್ಟಿಕೊಳ್ಳುತ್ತಿತ್ತು. ಬಿಸಿ ದ್ರಾವಣಕ್ಕೆ ದುರ್ಬಲಗೊಳಿಸಿದ ಆಮ್ಲವನ್ನು ಕಲಕುತ್ತಾ, ತೊಟ್ಟುತೊಟ್ಟಾಗಿ ಬಿಟ್ಟ ಮೇಲೆ ಹರಳು ದೊಡ್ಡದಾದವು, ಸೋಸುವುದು ಸಲೀಸಾಯಿತು. ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 2ರ ಹತ್ತಿರ ಬಂದಾಗ ನಿಲ್ಲಿಸುತ್ತೇನೆ.

ಒಂದು ಕೆಜಿ ಲ್ಯಾಕ್ಟಿಕ್ ಆಸಿಡ್‌ಗೆ ಹೆಚ್ಚೂಕಡಿಮೆ ಒಂದು ಕೆಜಿ ಜಿಪ್ಸಂ ಬರುತ್ತದೆ. ಪಕ್ಕದ ಹೊಲದವರು ಕಡಲೆಕಾಯಿಗೆ ಕೊಡಿ ಅಂತ ಕೇಳುತ್ತಿದ್ದಾರೆ. ಪರೀಕ್ಷೆ ಮಾಡಿಸದೆ ಕೊಡುವ ಧೈರ್ಯವಿಲ್ಲ, ಮೂಲೆಯಲ್ಲಿ ರಾಶಿ ಬಿದ್ದಿದೆ.