ಒಳಕೋಣೆಗೆ ನೆಟ್ ತಂದ ಕಥೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಚಾಳಿನಲ್ಲಿ (ಸಾಲುಮನೆಗಳ ಕಟ್ಟಡ) ಸಿಗ್ನಲ್ ಸಿಗುವುದು ಗ್ಯಾಲರಿಯಲ್ಲಿ ಮಾತ್ರ. ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತರೆ ಮೀಟಿಂಗ್ ನಡುವೆ ನನ್ನ ಮುಖ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿತ್ತು.

ಗ್ಯಾಲರಿ ಕಿಟಕಿಯಲ್ಲಿ ಫೋನ್ ಇಟ್ಟು ಹಾಟ್‌ಸ್ಪಾಟ್ ಹಾಕಿದೆ. ಎರಡು ಗೋಡೆ ದಾಟಲಿಲ್ಲ. ಸೆಟ್ಟಿಂಗ್ಸ್ ನೋಡಿದರೆ ವೈಫೈ ಅಲೆಯ ಬ್ಯಾಂಡ್ 5 ಗಿಗಾಹರ್ಟ್ಸ್ ಇತ್ತು, ಗೋಡೆ ದಾಟೋದಕ್ಕೆ 2.4 ವಾಸಿ ಅಂತ ಬದಲಿಸಿದೆ, ಸ್ವಲ್ಪ ಸುಧಾರಿಸಿತು ಅಷ್ಟೇ.

ಆಮೇಲೆ ಹೊಳೆದದ್ದು ಅಮ್ಮನ ಫೋನ್. ಅದರಲ್ಲಿ ವೈಫೈ ಆನ್ ಇರುವಾಗಲೇ ಹಾಟ್‌ಸ್ಪಾಟ್ ಕೂಡ ಹಾಕಬಹುದು (ಎಲ್ಲ ಫೋನಲ್ಲೂ ಆಗಲ್ಲ, ನನ್ನದರಲ್ಲಿ ವೈಫೈ ಆಫ್ ಆಗಿಬಿಡುತ್ತದೆ). ಅದನ್ನು ನಡುಮನೆಯ ದೇವರ ಗೂಡಿನ ಪಕ್ಕ ಇಟ್ಟೆ. ಅದು ನನ್ನ ಫೋನಿಂದ ನೆಟ್ ಹಿಡಿದು ಲ್ಯಾಪ್‌ಟಾಪಿಗೆ ದಾಟಿಸಿತು! ಒಂದೇ ರೇಡಿಯೋ ತಗೊಳ್ಳೋದೂ ಕೊಡೋದೂ ಎರಡನ್ನೂ ಮಾಡಬೇಕಲ್ವಾ, ವೇಗ ಸುಮಾರು ಅರ್ಧಕ್ಕಿಳಿಯಿತು. ಮೀಟಿಂಗಿಗೆ ಅದೇ ಜಾಸ್ತಿ.

ಮರುದಿನ ಮೀಟಿಂಗ್ ನಡುವೆ ಮತ್ತೆ ಕಟ್. ನೋಡಿದರೆ ಅಮ್ಮ ಫೋನ್ ಎತ್ತಿಕೊಂಡು ಭಾಜಿ ತರಲು ಹೋಗಿದ್ದಳು.

ಈಗ ಗೂಡಿನ ಪಕ್ಕ ಸಿಮ್ ಇಲ್ಲದ, ಗಾಜು ಒಡೆದ ಹಳೇ ಫೋನ್ ಇದೆ. ಪುಣ್ಯಕ್ಕೆ ಇದರಲ್ಲೂ ಎರಡೂ ಒಟ್ಟಿಗೆ ನಡೆಯುತ್ತದೆ. ಬಿಸಿಯಾಗುತ್ತದೆ ಅಂತ ಕವರ್ ತೆಗೆದು ಚಾರ್ಜರಿಗೆ ಹಾಕಿದ್ದೇನೆ. ಅಮ್ಮ ಅದಕ್ಕೂ ಕುಂಕುಮ ಹಚ್ಚಿದ್ದಾಳೆ.