ರಸೀದಿ ಪುಸ್ತಕ ಬಿಟ್ಟು ಮನೆಮನೆಗೆ: ನಮ್ಮ ಧರ್ಮಕೇಂದ್ರದ ಅನುಭವ

ಮೈಸೂರಿನ ಅಂಚಿನಲ್ಲಿರುವ ನಮ್ಮ ಕಥೋಲಿಕ ಧರ್ಮಕೇಂದ್ರದ (ಒಂದು ಚರ್ಚಿಗೆ ಸೇರಿದ ಕುಟುಂಬಗಳ ಘಟಕ, ಪ್ಯಾರಿಷ್) ಪಾಲನಾ ಸಮಿತಿಯಲ್ಲಿ, ಅಂದರೆ ಫಾದರ್ ಜೊತೆ ಸೇರಿ ಚರ್ಚಿನ ಕೆಲಸ ಯೋಜಿಸುವ ಸಮಿತಿಯಲ್ಲಿ, ನಾನು ಕೆಲಸ ಮಾಡುತ್ತೇನೆ. ಭಾನುವಾರದ ಪೂಜೆಗೆ ಜನ ಕಡಿಮೆಯಾಗುತ್ತಿದ್ದಾರೆ, ನೀವೇನು ಮಾಡಿದಿರಿ ಅಂತ ಬೇರೆ ಕಡೆಯವರು ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೈಸೂರು ಧರ್ಮಕ್ಷೇತ್ರಕ್ಕೆ (ಒಬ್ಬ ಬಿಷಪ್ಪರ ಕೆಳಗಿನ ಚರ್ಚುಗಳ ವಲಯ) ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ನಾಲ್ಕೂ ಜಿಲ್ಲೆ ಸೇರುತ್ತವೆ. ಸಂತ ಫಿಲೋಮಿನಾ ಚರ್ಚಿನ ಪಕ್ಕದ ಬೀದಿಯವರಿಗೂ, ಪಾಲಹಳ್ಳಿಯ ರೈತರಿಗೂ, ಕೊಡಗಿನ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯವರಿಗೂ ಒಂದೇ ಕಾರ್ಯಕ್ರಮ ಒಗ್ಗುವುದಿಲ್ಲ. ಆದರೆ ಮನೆಗೆ ಹೋಗಿ ಮಾತನಾಡಿಸುವುದು ಎಲ್ಲರಿಗೂ ಒಗ್ಗುತ್ತದೆ. ನಾವು ಅಲ್ಲಿಂದಲೇ ಶುರು ಮಾಡಿದೆವು.

ಮೊದಲು ಕುಟುಂಬಗಳ ರಿಜಿಸ್ಟರ್ ತೆಗೆದು ಬೀದಿ ಪ್ರಕಾರ ಬರೆದುಕೊಂಡೆವು. ಕೆಲವರು ಮನೆ ಮಾರಿ ಹೋಗಿದ್ದರು. ಹೊಸ ಬಡಾವಣೆಗಳಲ್ಲಿ ಬಾಡಿಗೆಗೆ ಬಂದ ತಮಿಳು, ಮಲಯಾಳ, ಕೊಂಕಣಿ ಕುಟುಂಬಗಳ ಹೆಸರೇ ಪುಸ್ತಕದಲ್ಲಿ ಇರಲಿಲ್ಲ. ಒಂದೊಂದು ಬೀದಿಗೆ ಅಲ್ಲಿಯವರೇ ಇಬ್ಬರು ಹೋಗಬೇಕು, ಅದರಲ್ಲಿ ಒಬ್ಬರು ಹೆಂಗಸಾಗಿರಬೇಕು ಅಂತ ಮಾಡಿಕೊಂಡೆವು. ಇನ್ನೊಂದು ಕಟ್ಟುನಿಟ್ಟಿನ ನಿಯಮ: ಕೈಯಲ್ಲಿ ರಸೀದಿ ಪುಸ್ತಕ ಇರಬಾರದು. ಚರ್ಚಿನವರು ಬಂದರೆ ಹಬ್ಬದ ವಂತಿಗೆಗೇ ಬಂದರು ಅಂತ ಜನಕ್ಕೆ ಅಭ್ಯಾಸವಾಗಿಬಿಟ್ಟಿದೆ, ಅಲ್ವಾ? ಬರಿಗೈಲಿ ಹೋದಾಗ ಮಾತು ಬೇರೆ ಥರ ಬರುತ್ತದೆ.

ಹಿಂದಿನ ಬೀದಿಯ ಒಬ್ಬ ಅಜ್ಜಿ ಸೊಂಟ ಮುರಿದುಕೊಂಡು ಮಲಗಿದ್ದರು. "ಯಾರಾದ್ರೂ ಬರ್ತಾರೆ ಅಂತ ಕಾಯ್ತಿದ್ದೆ ಕಣವ್ವ, ಪ್ರಸಾದ ತಗೊಂಡು ಎಷ್ಟು ಕಾಲ ಆಯ್ತು" ಅಂದರು. ದಿಂಬಿನ ಕೆಳಗೆ ಜಪಸರ ಇತ್ತು. ಅವರು ಪೂಜೆ ಬಿಟ್ಟವರಲ್ಲ, ಪೂಜೆಯೇ ಅವರ ಹತ್ತಿರ ಬಂದಿರಲಿಲ್ಲ. ಅಂಥವರ ಪಟ್ಟಿ ಮಾಡಿ ಫಾದರ್‌ಗೆ ಕೊಟ್ಟೆವು. ಈಗ ತಿಂಗಳ ಮೊದಲ ಶುಕ್ರವಾರ ಅವರೆಲ್ಲರ ಮನೆಗೆ ಪರಮಪ್ರಸಾದ (ಪೂಜೆಯಲ್ಲಿ ಅರ್ಪಿಸಿದ ರೊಟ್ಟಿ) ಹೋಗುತ್ತದೆ. ಚರ್ಚಿನಲ್ಲಿ ಮದುವೆ ಆಗಿಲ್ಲ ಅನ್ನೋ ಸಂಕೋಚಕ್ಕೆ ದೂರ ಉಳಿದವರೂ ಸಿಕ್ಕರು. ಅವರ ವಿಷಯ ಫಾದರ್ ಒಬ್ಬರೇ ಕೂತು ಮಾತನಾಡುವುದು. ನಾವು ಅದರಲ್ಲಿ ಬಾಯಿ ಹಾಕುವುದಿಲ್ಲ.

ಆಮೇಲೆ ಬೀದಿಬೀದಿಯಲ್ಲಿ ಕಿರು ಕ್ರೈಸ್ತ ಸಮುದಾಯ ಕಟ್ಟಿದೆವು, ಅಂದರೆ ಅಕ್ಕಪಕ್ಕದ ಮನೆಯವರು ಸೇರಿ ಬೈಬಲ್ ಓದಿ ಒಬ್ಬರಿಗೊಬ್ಬರು ನೆರವಾಗುವ ಸಣ್ಣ ಗುಂಪು. ಇದು ನಮ್ಮ ಆವಿಷ್ಕಾರ ಅಲ್ಲ. ಏಷ್ಯಾದ ಧರ್ಮಾಧ್ಯಕ್ಷರು (ಬಿಷಪ್ಪರು) 1990ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿದಾಗಲೇ, ಧರ್ಮಸಭೆ (ಇಡೀ ಕಥೋಲಿಕ ಚರ್ಚ್) ಅಂದರೆ ಇಂಥ ಸಣ್ಣ ಸಮುದಾಯಗಳ ಕೂಟ ಆಗಬೇಕು ಅಂದಿದ್ದರು. ಕೂಟ ನಡೆಸುವ ಕ್ರಮ ದಕ್ಷಿಣ ಆಫ್ರಿಕಾದ ಲುಮ್ಕೊ ಎಂಬ ಕಥೋಲಿಕ ತರಬೇತಿ ಸಂಸ್ಥೆಯಿಂದ ಬಂದ ಏಳು ಹಂತದ್ದು. ಸ್ವಾಮಿಯನ್ನು ಕರೆಯುವುದು, ಶುಭಸಂದೇಶ (ಬೈಬಲಿನಲ್ಲಿ ಯೇಸುಸ್ವಾಮಿಯ ಜೀವನ, ಬೋಧನೆ ಇರುವ ಭಾಗ) ಓದುವುದು, ಮನಸ್ಸಿಗೆ ತಾಕಿದ ಮಾತನ್ನು ಮತ್ತೆ ಹೇಳುವುದು, ಮೌನ, ಹಂಚಿಕೊಳ್ಳುವುದು, ಮಾಡಬೇಕಾದ ಕೆಲಸ ಗೊತ್ತುಮಾಡುವುದು, ಪ್ರಾರ್ಥನೆ. ಇದರಲ್ಲಿ ಯಾರೂ ಪ್ರವಚನ ಕೊಡುವಂತಿಲ್ಲ. ನನಗೆ ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅದೇ.

ಒಂದು ಸಂಜೆ ಮತ್ತಾಯನ ಶುಭಸಂದೇಶದ 11ನೇ ಅಧ್ಯಾಯ ಓದಿದೆವು, ದುಡಿದು ಬಳಲಿದವರನ್ನು ಯೇಸುಸ್ವಾಮಿ ತನ್ನ ಬಳಿಗೆ ಕರೆಯುವ ಭಾಗ. ಗಾರ್ಮೆಂಟ್ಸ್‌ನಿಂದ ಆಗಷ್ಟೇ ಬಂದು, ಟಿಫನ್ ಬ್ಯಾಗ್ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಣ್ಣುಮಗಳೊಬ್ಬಳು "ಬಳಲಿದವರು, ಬಳಲಿದವರು" ಅಂತ ಅದೊಂದೇ ಮಾತನ್ನು ಹೇಳಿದಳು. ಆರನೇ ಹಂತಕ್ಕೆ ಬಂದಾಗ ಅವಳ ಮಕ್ಕಳನ್ನು ಸಂಜೆ ನೋಡಿಕೊಳ್ಳಲು ಪಕ್ಕದ ಮನೆಯವರು ಒಪ್ಪಿದರು. ಆ ಆರನೇ ಹಂತವನ್ನು ಮಾತ್ರ ಬಿಡಬೇಡಿ. ಬಿಟ್ಟರೆ ಅದು ಇನ್ನೊಂದು ಪ್ರಾರ್ಥನಾ ಕೂಟ ಆಗುತ್ತದೆ ಅಷ್ಟೇ.

ಹೊತ್ತು ಮಾತ್ರ ಊರಿಗೆ ತಕ್ಕಂತೆ ಇರಬೇಕು. ಮಂಡ್ಯ ಕಡೆಯ ಹಳ್ಳಿಯವರು ಇದನ್ನು ಕಲಿಯಲು ನಮ್ಮನ್ನು ಕರೆದಾಗ ಅವರೇ ತಿದ್ದಿ ಹೇಳಿದರು: ಡೇರಿಗೆ ಹಾಲು ಹಾಕಿ ಬಂದ ಮೇಲೆಯೇ ಕೂಟ, ಕಬ್ಬು ಕಡಿಯುವಾಗ ಬಿಡುವು.

ಹಣದ ವಿಷಯವನ್ನೂ ಹೇಳಲೇಬೇಕು. 1983ರ ಧರ್ಮಸಭೆಯ ಕಾನೂನಿನ 537ನೇ ಕಲಮಿನಂತೆ ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಕಡ್ಡಾಯ. 2021ರಲ್ಲಿ ಶುರುವಾಗಿ 2024ರಲ್ಲಿ ಮುಗಿದ, ಪೋಪ್ ಕರೆದ ಸಿನೊಡ್ (ಧರ್ಮಸಭೆಯ ಸಮಾಲೋಚನಾ ಸಭೆ) ಪಾಲನಾ ಸಮಿತಿಗಳೂ ಕಡ್ಡಾಯವಾಗಬೇಕು, ಲೆಕ್ಕಪತ್ರ ಪಾರದರ್ಶಕವಾಗಿರಬೇಕು ಅಂದಿದೆ. ನಾವು ಲೆಕ್ಕವನ್ನು ಪೂಜೆಯ ಕೊನೆಯಲ್ಲಿ ಓದಿ, ಹಾಳೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ. ಆಮೇಲೆ ಹಬ್ಬದ ವಂತಿಗೆ ಕೇಳಲು ಯಾರಿಗೂ ಮುಜುಗರ ಆಗಲಿಲ್ಲ.

ಸೇವೆ ನಮ್ಮವರಿಗೆ ಮಾತ್ರ ಆಗಬಾರದು ಅನ್ನೋದು ನನ್ನ ಗಟ್ಟಿ ನಂಬಿಕೆ. ಟಿಪ್ಪು ಕಾಲವಾದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯ್ ಇಲ್ಲಿಯವರ ಥರ ಉಟ್ಟು, ಉಂಡು, ಸಿಡುಬಿನ ಲಸಿಕೆ ಹಾಕಿಸಲು ಊರೂರು ಓಡಾಡಿದರು. ಜನ ಅವರನ್ನು ದೊಡ್ಡಸ್ವಾಮಿ ಅಂದರು. ಮೈಸೂರು ಜಿಲ್ಲೆಯ ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಜೂನ್ 13ರಂದು ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ, ಧರ್ಮದವರೂ ಇರುತ್ತಾರೆ. ಹಾಗೆಯೇ ನಮ್ಮ ಚರ್ಚ್ ಹಾಲಿನ ಸಂಜೆ ಪಾಠಕ್ಕೆ ಬೀದಿಯ ಮಕ್ಕಳೆಲ್ಲ ಬರುತ್ತಾರೆ. ಅಲ್ಲಿ ಗಣಿತ, ಇಂಗ್ಲಿಷ್ ಮಾತ್ರ. ಧರ್ಮೋಪದೇಶದ ತರಗತಿ ನಮ್ಮ ಮಕ್ಕಳಿಗೆ ಭಾನುವಾರ ಬೇರೆಯೇ ಇದೆ.

ಈಗ ಕೈಗೆತ್ತಿಕೊಂಡಿರುವುದು ಯುವಕರ ಕೆಲಸ. ಓದು, ನೌಕರಿ ಅಂತ ಬೆಂಗಳೂರಿಗೆ ಹೋದವರ ಹೆಸರು, ಅಲ್ಲಿ ಇರುವ ಜಾಗವನ್ನು ಮನೆಯವರಿಂದ ಬರೆಸಿಕೊಂಡು, ಅವರು ಒಪ್ಪಿದರೆ ಆ ಭಾಗದ ಧರ್ಮಕೇಂದ್ರಕ್ಕೆ ಫೋನ್ ಮಾಡುತ್ತೇವೆ. "ನಮ್ಮ ಹುಡುಗ ನಿಮ್ಮಲ್ಲಿದ್ದಾನೆ, ಗಾಯನ ವೃಂದದಲ್ಲಿ ಗಿಟಾರ್ ನುಡಿಸ್ತಿದ್ದ, ಒಮ್ಮೆ ಕರೆದು ಮಾತಾಡಿಸಿ" ಅಂತ ಹೇಳುತ್ತೇವೆ. ಊರಿಗೆ ಬಂದಾಗ ಅವರನ್ನು ಕೂಟಕ್ಕೂ ಕರೆಯುತ್ತೇವೆ. ಹಾಗೆ ಬಂದ ಒಬ್ಬ ನಮ್ಮ ರಿಜಿಸ್ಟರನ್ನು ಕಂಪ್ಯೂಟರಿಗೆ ಹಾಕಿಕೊಡುತ್ತಿದ್ದಾನೆ.